ಹಳೆಯ ಮಿಲಿಟರಿ ಜೀಪಿಗೆ ಹೊಸ ಕ್ಯಾನ್‌ವಾಸ್ ಹುಡ್: ಮಲೆನಾಡಿನ ಮಳೆಗೆ ತಡೆಯುವಂತೆ ಕೂರಿಸುವ ಕ್ರಮ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಾಫಿ ಸೀಮೆಯಲ್ಲಿ ಹಳೆಯ ಜೀಪುಗಳಿಗೆ ಕೊರತೆಯಿಲ್ಲ. ಎರಡನೇ ಮಹಾಯುದ್ಧದ ಕಾಲದ ವಿಲ್ಲೀಸ್, ಅದೇ ವಂಶದ ಮಹೀಂದ್ರಾ ಸಿಜೆ-3ಬಿ, ಸೇನೆಯ ಹರಾಜಿನಿಂದ ಬಂದ ಜೋಂಗಾ, ಹೀಗೆ ಒಂದಲ್ಲ ಒಂದು ಯಾವುದಾದರೂ ತೋಟದ ಶೆಡ್ಡಿನಲ್ಲಿ ನಿಂತಿರುತ್ತದೆ. ಇವುಗಳ ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ ಬೇಕಾದ ಆರೈಕೆ ಮಾಡಿಸುವವರು ಹುಡ್ಡಿನ, ಅಂದರೆ ಬಟ್ಟೆಯ ಚಾವಣಿಯ ಮಾತು ಬಂದಾಗ ಮಾತ್ರ ಒಂದು ಟಾರ್ಪಾಲು ಹೊಲಿಸಿ ಕಟ್ಟಿದರಾಯಿತು ಎಂದು ಕೈತೊಳೆದುಕೊಳ್ಳುತ್ತಾರೆ. ಆರಿದ್ರಾ, ಪುನರ್ವಸು ಮಳೆಗಳು ಹಿಡಿದಾಗ ಚಾಲಕನ ಮೊಣಕಾಲಿನ ಮೇಲೆ ನೀರು ತೊಟ್ಟಿಕ್ಕತೊಡಗುತ್ತದೆ. ಆಗ ಬೈಗುಳವೆಲ್ಲ ಬಟ್ಟೆಗೆ. ವಾಸ್ತವದಲ್ಲಿ ಒಳ್ಳೆಯ ಕ್ಯಾನ್‌ವಾಸಿನ ಮೈಯಿಂದ ನೀರು ಇಳಿಯುವುದು ಬಹಳ ಕಡಿಮೆ. ನೀರು ಬರುವುದು ಹೊಲಿಗೆಯ ಸೂಜಿತೂತುಗಳಿಂದ, ಹುಡ್ಡನ್ನು ಹೊರುವ ಪೈಪಿನ ಕಮಾನುಗಳ ನಡುವೆ ಬಟ್ಟೆ ಜೋತು ನೀರು ನಿಲ್ಲುವ ಗುಳಿಯಿಂದ ಮತ್ತು ವಿಂಡ್‌ಶೀಲ್ಡಿನ ಮೇಲಂಚಿನಿಂದ. ಈ ಮೂರನ್ನೂ ಸರಿಪಡಿಸಬೇಕಾದದ್ದು ಅಳತೆ ತೆಗೆಯುವಾಗ, ಹೊಲಿಯುವಾಗ ಮತ್ತು ಕೂರಿಸುವಾಗ. ಆದ್ದರಿಂದ ಈ ಬರಹದಲ್ಲಿ ಬಟ್ಟೆಗಿಂತ ಹೆಚ್ಚಿನ ಗಮನವನ್ನು ಅದನ್ನು ಹೊರುವ ಚೌಕಟ್ಟಿಗೂ ಎಳೆತಕ್ಕೂ ಕೊಡಲಾಗಿದೆ.

ಕೆಲಸಕ್ಕೆ ಸರಿಯಾದ ಕಾಲ ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಕಾಫಿ ಕೊಯ್ಲು ಮುಗಿದು ಕಣವೂ ಖಾಲಿಯಾಗಿರುತ್ತದೆ. ದೊಡ್ಡ ಬಟ್ಟೆಯನ್ನು ಹಾಸಿ ಗುರುತು ಹಾಕುವುದಕ್ಕೆ ಕಾಫಿ ಒಣಗಿಸುವ ಸಿಮೆಂಟ್ ಕಣಕ್ಕಿಂತ ಅನುಕೂಲವಾದ ಜಾಗ ಬೇರೆ ಸಿಗಲಾರದು. ಬಿಸಿಲಿನಲ್ಲಿ ಬಟ್ಟೆ ಮೆದುವಾಗಿ ಮಾತು ಕೇಳುತ್ತದೆ. ಮಾರ್ಚ್, ಏಪ್ರಿಲ್ ತಿಂಗಳ ಹೂಮಳೆ ಬಂದರೆ ಹೊಸ ಹುಡ್ಡಿನ ಮೊದಲ ಪರೀಕ್ಷೆಯೂ ಖರ್ಚಿಲ್ಲದೆ ಆಗಿಹೋಗುತ್ತದೆ, ಮತ್ತು ಅದರಲ್ಲಿ ಕಂಡ ದೋಷಗಳನ್ನು ತಿದ್ದುವುದಕ್ಕೆ ಮೃಗಶಿರಾ ಮಳೆಯವರೆಗೆ ಸಮಯವಿರುತ್ತದೆ. ಮೇ ಕೊನೆಯಲ್ಲಿ ಬಟ್ಟೆ ಹುಡುಕಲು ಹೊರಟವರಿಗೆ ಹೊಲಿಯುವವರ ಬಿಡುವೂ ಸಿಗುವುದಿಲ್ಲ, ಬಿಸಿಲೂ ಸಿಗುವುದಿಲ್ಲ.

ವಾಹನ ಯಾವುದು ಎಂಬುದು ಮೊದಲು

1941ರಿಂದ 1945ರವರೆಗೆ ತಯಾರಾದ ವಿಲ್ಲೀಸ್ ಎಂಬಿ ಮತ್ತು ಅದರ ಜೋಡಿಯಾದ ಫೋರ್ಡ್ ಜಿಪಿಡಬ್ಲ್ಯೂ ಎರಡಕ್ಕೂ ಮುಂದಿನ ಮತ್ತು ಹಿಂದಿನ ಗಾಲಿಗಳ ಅಂತರ 80 ಇಂಚು; ಸಿಜೆ-3ಬಿಗೂ ಹೆಚ್ಚುಕಡಿಮೆ ಅಷ್ಟೇ. ಅಂತರ ಒಂದೇ ಎಂದು ಒಂದರ ಹುಡ್ಡನ್ನು ಇನ್ನೊಂದಕ್ಕೆ ಕೂರಿಸಹೊರಟರೆ ಕೈ ಸುಟ್ಟುಕೊಂಡಂತೆಯೇ. ಸಿಜೆ-3ಬಿಯಲ್ಲಿ ಎತ್ತರದ ಎಂಜಿನ್ನಿಗೆ ಜಾಗ ಮಾಡಲು ಬಾನೆಟ್ಟನ್ನು ಏರಿಸಲಾಗಿದೆ. ವಿಂಡ್‌ಶೀಲ್ಡಿನ ಆಕಾರ, ಹುಡ್ಡಿನ ಮುಂಭಾಗ ಸಿಕ್ಕಿಸುವ ಬಗೆ, ಕಮಾನುಗಳ ನೆಲೆ ಎಲ್ಲವೂ ಬೇರೆ. ಮಹೀಂದ್ರಾದ ಎಂಎಂ 540 ಇನ್ನೂ ಉದ್ದದ ವಾಹನ, ಅದರ ಗಾಲಿಗಳ ಅಂತರ 91 ಇಂಚು. ಜೋಂಗಾ ಬೇರೆಯದೇ ಕುಲ. ಜಪಾನಿನ ನಿಸ್ಸಾನ್ ಪಟ್ರೋಲ್ 60 ಮಾದರಿಯನ್ನು ಆಧರಿಸಿ ಜಬಲ್‌ಪುರದಲ್ಲಿ ಸೇನೆಗಾಗಿ ತಯಾರಾದ ಈ ವಾಹನದ ಮೈ ದೊಡ್ಡದು, ಹುಡ್ಡಿಗೆ ಬೇಕಾಗುವ ಬಟ್ಟೆಯೂ ಹೆಚ್ಚು. ಇದರ ಜೊತೆಗೆ ನಮ್ಮ ಕಡೆಯ ಜೀಪುಗಳು ಕಳೆದ ಕೆಲವು ದಶಕಗಳಲ್ಲಿ ತೋಟದ ಕೆಲಸಕ್ಕೆಂದು ಹಿಂಬದಿ ಉದ್ದ ಮಾಡಿಸಿಕೊಂಡಿರುವುದು, ಬೇರೆ ಜೀಪಿನ ವಿಂಡ್‌ಶೀಲ್ಡ್ ಹಾಕಿಸಿಕೊಂಡಿರುವುದು ಸಾಮಾನ್ಯ. ಹೀಗಾಗಿ ಸಿದ್ಧ ಹುಡ್ ತರಿಸುವ ಮುನ್ನವೂ ನಿಮ್ಮ ವಾಹನದ ಅಳತೆಯನ್ನು ನೀವೇ ತೆಗೆಯುವುದು ಅನಿವಾರ್ಯ.

ಕಾನೂನಿನ ಎರಡು ಸಂಗತಿಗಳನ್ನು ಇಲ್ಲಿಯೇ ಹೇಳಿ ಮುಗಿಸುವುದು ಒಳ್ಳೆಯದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು. ಖಾಸಗಿ ವಾಹನದ ಮೈಗೆ ಅದನ್ನು ಬಳಿಯುವಂತಿಲ್ಲ. ನಿಯಮ ಹೇಳುವುದು ವಾಹನಕ್ಕೆ ಬಳಿಯುವ ಬಣ್ಣದ ಬಗ್ಗೆ. ಆದರೂ ಹುಡ್ಡಿಗೆ ಖಾಕಿ ಅಥವಾ ಮಣ್ಣಿನ ಬಣ್ಣದ ಬಟ್ಟೆ ಆರಿಸಿಕೊಂಡರೆ ದಾರಿಯಲ್ಲಿ ಯಾರಿಗೂ ವಿವರಣೆ ಕೊಡುವ ಪ್ರಮೇಯ ಬರುವುದಿಲ್ಲ. ಯುದ್ಧದ ಮೊದಲ ವರ್ಷಗಳಲ್ಲಿ ಅಮೆರಿಕದ ಸೇನೆಯ ಕ್ಯಾನ್‌ವಾಸ್ ಸಾಮಾನುಗಳು ಖಾಕಿಯ ತಿಳಿ ಛಾಯೆಯಲ್ಲೇ ಇದ್ದುದರಿಂದ ಮೂಲರೂಪಕ್ಕೂ ಧಕ್ಕೆಯಿಲ್ಲ. ಎರಡನೆಯದು, 2021ರ ತಿದ್ದುಪಡಿಯ ನಂತರ ಐವತ್ತು ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಿ ‘ವಿಎ’ ಅಕ್ಷರಗಳಿರುವ ಸಂಖ್ಯೆ ಪಡೆಯುವ ಅವಕಾಶವಿದೆ. ಅದಕ್ಕೆ ಚಾಸಿ, ಬಾಡಿ ಮತ್ತು ಎಂಜಿನ್ ಮೂಲಸ್ಥಿತಿಯಲ್ಲಿ ಇರಬೇಕು. ಆ ಉದ್ದೇಶವಿರುವವರು ಹುಡ್ ಕೂರಿಸುವ ನೆಪದಲ್ಲಿ ಬಾಡಿಗೆ ಹೊಸ ಪೈಪುಗಳನ್ನು ವೆಲ್ಡ್ ಮಾಡಿಸಬಾರದು.

ಹಳೆಯ ಹುಡ್ ಬಿಚ್ಚುವುದು

ಹರಿದು ಚಿಂದಿಯಾಗಿದ್ದರೂ ಹಳೆಯ ಹುಡ್ ಒಂದು ದಾಖಲೆ. ಬಿಚ್ಚುವ ಮೊದಲು ಮುಂದೆ, ಹಿಂದೆ, ಎರಡೂ ಬದಿಗಳಿಂದ ಫೋಟೋ ತೆಗೆದುಕೊಳ್ಳಿ. ಪಟ್ಟಿಗಳು ಯಾವ ಕುಣಿಕೆಯೊಳಗೆ ಯಾವ ದಿಕ್ಕಿನಿಂದ ತೂರಿವೆ, ಬಕಲ್ ಒಳಗಿದೆಯೋ ಹೊರಗಿದೆಯೋ ಎಂಬುದು ಸ್ಪಷ್ಟವಾಗಿ ಕಾಣಬೇಕು. ಬಟ್ಟೆಯ ಮೇಲೆ ಕಮಾನುಗಳು ಕೂರುವ ಗೆರೆಯನ್ನೂ ನಡುಗೆರೆಯನ್ನೂ ಸೀಮೆಸುಣ್ಣದಲ್ಲಿ ಎಳೆದು, ‘ಮುಂದೆ’, ‘ಎಡ’, ‘ಬಲ’ ಎಂದು ಬರೆಯಿರಿ. ತುಕ್ಕು ಹಿಡಿದ ಸ್ಕ್ರೂಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟಿರಬೇಕು. ವಿಂಡ್‌ಶೀಲ್ಡ್ ಫ್ರೇಮಿನ ಮೇಲಿನ ಸಣ್ಣ ಗುಂಡಿಗಳನ್ನು ಬಲವಂತವಾಗಿ ತಿರುಗಿಸಿದರೆ ಅವು ಬುಡದಲ್ಲೇ ಮುರಿಯುತ್ತವೆ. ಆಮೇಲೆ ಡ್ರಿಲ್ ಹಾಕಿ, ಹೊಸ ಥ್ರೆಡ್ ತೆಗೆಸಿ, ಒಂದು ದಿನದ ಕೆಲಸ ವಾರಕ್ಕೆ ಎಳೆಯುತ್ತದೆ.

ಬಿಚ್ಚಿದ ಹುಡ್ಡಿನ ಹೊಲಿಗೆಗಳನ್ನು ಬ್ಲೇಡಿನಿಂದ ಕತ್ತರಿಸಿ ತುಂಡುಗಳನ್ನು ಬೇರ್ಪಡಿಸಿ. ಆದರೆ ಈ ತುಂಡುಗಳನ್ನು ಹೊಸ ಬಟ್ಟೆಯ ಮೇಲಿಟ್ಟು ನೇರವಾಗಿ ಕತ್ತರಿಸಬಾರದು. ಹತ್ತಾರು ಮಳೆಗಾಲ ಕಂಡ ಬಟ್ಟೆ ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಜಗ್ಗಿರುತ್ತದೆ. ತುಂಡುಗಳ ಸಂಖ್ಯೆ, ಅವುಗಳ ಜೋಡಣೆ, ಒತ್ತುಬಟ್ಟೆ (ಬಲಕ್ಕೆಂದು ಹಾಕುವ ಹೆಚ್ಚುವರಿ ಪದರ) ಕೊಟ್ಟ ಜಾಗಗಳು, ಅಂಚಿನ ಮಡಿಕೆ ಎಷ್ಟು ಅಗಲ ಎಂಬುದನ್ನೆಲ್ಲ ಹಳೆಯದರಿಂದ ಕಲಿಯಬೇಕು. ಉದ್ದ ಅಗಲಗಳನ್ನು ಮಾತ್ರ ವಾಹನದಿಂದಲೇ ತೆಗೆಯಬೇಕು.

ಕಮಾನು ಮತ್ತು ವಿಂಡ್‌ಶೀಲ್ಡ್

ಹುಡ್ ಎಷ್ಟೇ ಚೆನ್ನಾಗಿ ಹೊಲಿದಿದ್ದರೂ ಅದು ಚೌಕಟ್ಟಿನ ಸೊಟ್ಟತನವನ್ನು ಮುಚ್ಚಲಾರದು, ಎತ್ತಿ ತೋರಿಸುತ್ತದೆ. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ನಾಲ್ಕೂ ಟೈರುಗಳ ಗಾಳಿಯನ್ನು ಸರಿಮಾಡಿ. ವಿಂಡ್‌ಶೀಲ್ಡನ್ನು ಓಡಿಸುವಾಗ ನಿಲ್ಲುವ ಸ್ಥಿತಿಗೆ ತಂದು ಎರಡೂ ಬದಿಯ ಕ್ಲಾಂಪುಗಳನ್ನು ಬಿಗಿಯಿರಿ. ಬಾನೆಟ್ಟಿನ ಮೇಲೆ ಮಡಚಲು ಬರುವ ಈ ಫ್ರೇಮಿನ ಕೆಳಗಿನ ಹಿಂಜುಗಳು ಸವೆದಿದ್ದರೆ, ಕೈಯಿಂದ ತಳ್ಳಿದಾಗ ಮೇಲಂಚು ಒಂದೆರಡು ಸೆಂಟಿಮೀಟರ್ ಅಲ್ಲಾಡುತ್ತದೆ. ಆ ಆಟವನ್ನು ತೆಗೆಯದೆ ಅಳತೆ ತೆಗೆದರೆ, ಹುಡ್ ಬಿಗಿದಾಗ ಫ್ರೇಮ್ ಹಿಂದಕ್ಕೆ ವಾಲುತ್ತದೆ, ಬಟ್ಟೆ ಸಡಿಲವಾಗುತ್ತದೆ, ಫ್ರೇಮಿನ ತಳದ ರಬ್ಬರ್ ಪಟ್ಟಿ ಬಾಯಿಬಿಟ್ಟು ಅಲ್ಲಿಂದಲೂ ನೀರು ಒಳಬರುತ್ತದೆ. ಆದ್ದರಿಂದ ಹಿಂಜಿನ ಪಿನ್ನು, ಬುಷ್ ಮತ್ತು ತಳದ ರಬ್ಬರ್ ಬದಲಿಸುವುದು ಹುಡ್ಡಿನ ಕೆಲಸದ ಮೊದಲ ಹೆಜ್ಜೆ ಎಂದೇ ತಿಳಿಯಬೇಕು.

ನಂತರ ಕಮಾನುಗಳು. ವಾಹನದ ಹಿಂಬದಿಯ ಮೂಲೆಯಿಂದ ಎದುರು ಬದಿಯ ವಿಂಡ್‌ಶೀಲ್ಡ್ ಮೂಲೆಗೆ ಕರ್ಣದ ಅಳತೆ ತೆಗೆಯಿರಿ. ಹಾಗೆಯೇ ಇನ್ನೊಂದು ಕರ್ಣ. ಎರಡರ ನಡುವೆ ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಮಾನು ತಿರುಚಿಕೊಂಡಿದೆ, ಇಲ್ಲವೇ ಅದು ಕೂರುವ ಬ್ರಾಕೆಟ್ ಬಾಗಿದೆ ಎಂದರ್ಥ. ತೋಟದಲ್ಲಿ ದುಡಿದ ಜೀಪುಗಳಲ್ಲಿ ಇದು ಸಾಮಾನ್ಯ. ಹುಡ್ಡಿನ ಮೇಲೆ ಏಣಿ, ಪೈಪು, ಬಾಳೆಗೊನೆ ಎಲ್ಲವೂ ಸವಾರಿ ಮಾಡಿರುತ್ತವೆ. ವಿಂಡ್‌ಶೀಲ್ಡಿನ ಮೇಲಂಚಿನ ನಡುವಿನಿಂದ ಹಿಂದಿನ ಕಮಾನಿನ ನಡುವಿಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಪಕ್ಕದಿಂದ ನೋಡಿದರೆ, ನಡುವಿನ ಕಮಾನು ದಾರಕ್ಕಿಂತ ಕೆಳಗಿದೆಯೋ ಮೇಲಿದೆಯೋ ತಿಳಿಯುತ್ತದೆ. ಅದು ದಾರವನ್ನು ಮೆಲ್ಲನೆ ಮೇಲಕ್ಕೆ ಒತ್ತುತ್ತಿರಬೇಕು. ಕೆಳಗಿದ್ದರೆ ಅಲ್ಲಿ ಗುಳಿಯಾಗಿ ನೀರು ನಿಲ್ಲುವುದು ಖಚಿತ, ಮತ್ತು ನಿಂತ ನೀರಿನ ಭಾರಕ್ಕೆ ಬಟ್ಟೆ ಇನ್ನಷ್ಟು ಜಗ್ಗಿ ಗುಳಿ ದೊಡ್ಡದಾಗುತ್ತಾ ಹೋಗುತ್ತದೆ. ಇದೇ ದಾರವನ್ನು ಎರಡೂ ಅಂಚುಗಳಲ್ಲಿಯೂ ಎಳೆದು ನೋಡಬೇಕು.

ಬಾಗಿದ ಪೈಪನ್ನು ಬಿಸಿಮಾಡಿ ನೆಟ್ಟಗೆ ಮಾಡುವುದಕ್ಕಿಂತ, ಅದೇ ವ್ಯಾಸದ ಪೈಪನ್ನು ಬೆಂಡಿಂಗ್ ಯಂತ್ರವಿರುವ ವರ್ಕ್‌ಶಾಪಿನಲ್ಲಿ ಹೊಸದಾಗಿ ಬಾಗಿಸುವುದು ಒಳ್ಳೆಯದು. ಬಿಸಿಮಾಡಿದ ಜಾಗದಲ್ಲಿ ಪೈಪು ಚಪ್ಪಟೆಯಾಗಿ ದುರ್ಬಲವಾಗುತ್ತದೆ. ಹಳೆಯದನ್ನೇ ಉಳಿಸಿಕೊಳ್ಳುವುದಾದರೆ ತುದಿಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ಒಳಗಿನಿಂದ ತುಕ್ಕು ತಿಂದ ಪೈಪು ಮಂಕಾದ ಸದ್ದು ಕೊಡುತ್ತದೆ. ತುಕ್ಕನ್ನು ಎಮರಿ ಕಾಗದದಿಂದ ತಿಕ್ಕಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಪೇಂಟ್ ಕೊಟ್ಟು ಪೂರ್ತಿ ಗಟ್ಟಿಯಾಗುವವರೆಗೆ ಬಿಡಿ. ಹಸಿ ಪೇಂಟಿನ ಮೇಲೆ ಕ್ಯಾನ್‌ವಾಸ್ ಹಾಕಿದರೆ ಎರಡೂ ಅಂಟಿಕೊಂಡು ಎರಡೂ ಹಾಳು. ವೆಲ್ಡಿಂಗಿನ ಮೊನೆಗಳನ್ನೂ ಬೋಲ್ಟಿನ ಚೂಪು ತುದಿಗಳನ್ನೂ ಬೆರಳಾಡಿಸಿ ಹುಡುಕಿ ಅರದಿಂದ ಉಜ್ಜಿ ನುಣುಪು ಮಾಡಬೇಕು. ಕಮಾನಿನ ಮೇಲ್ಭಾಗಕ್ಕೆ ನವಾರು ಪಟ್ಟಿ ಸುತ್ತುವ ರೂಢಿ ಒಳ್ಳೆಯದೇ. ಆದರೆ ಫೋಮ್ ಸುತ್ತಬೇಡಿ, ಅದು ನೀರು ಕುಡಿದು ಪೈಪಿಗೆ ಮತ್ತೆ ತುಕ್ಕು ತರುತ್ತದೆ.

ನಮ್ಮ ಮಳೆಗೆ ಒಂದು ಹೆಚ್ಚುವರಿ ಉಪಾಯವಿದೆ. ವಿಂಡ್‌ಶೀಲ್ಡಿನಿಂದ ಹಿಂದಿನ ಕಮಾನಿನವರೆಗೆ ಎರಡು ಇಂಚು ಅಗಲದ ನವಾರು ಪಟ್ಟಿಗಳನ್ನು ಉದ್ದಕ್ಕೆ, ಸಮ ಅಂತರದಲ್ಲಿ, ಬಕಲ್ ಹಾಕಿ ಬಿಗಿದರೆ ಬಟ್ಟೆಯ ಭಾರವನ್ನು ಅವು ಹೊರುತ್ತವೆ ಮತ್ತು ಕಮಾನುಗಳು ಒಂದರಿಂದೊಂದು ದೂರ ಸರಿಯದಂತೆ ಹಿಡಿಯುತ್ತವೆ. ಬಾಡಿಗೆ ತೂತು ಕೊರೆಯದೆ ಇದನ್ನು ಮಾಡಬಹುದು, ಪ್ರದರ್ಶನಕ್ಕೆ ಒಯ್ಯುವಾಗ ಬಿಚ್ಚಿಡಲೂಬಹುದು.

ಯಾವ ಬಟ್ಟೆ

ಒಂದೇ ಜಿಲ್ಲೆಯೊಳಗೂ ಇದಕ್ಕೆ ಒಂದೇ ಉತ್ತರವಿಲ್ಲ. ಕಡೂರು, ಅರಸೀಕೆರೆಯ ಬಯಲಿನಲ್ಲಿ ಹುಡ್ಡಿನ ಶತ್ರು ಬಿಸಿಲು. ಮೂಡಿಗೆರೆ, ಕೊಟ್ಟಿಗೆಹಾರ, ಸಕಲೇಶಪುರದ ಕಡೆ ಶತ್ರು ಬೂಷ್ಟು. ಹತ್ತಿಯ ದಪ್ಪ ಕ್ಯಾನ್‌ವಾಸ್ ಮೂಲ ವಾಹನಕ್ಕೆ ಒಪ್ಪುವ ಬಟ್ಟೆ. ಅದರ ಗುಣವೆಂದರೆ ನೆನೆದಾಗ ನೂಲು ಉಬ್ಬಿ ನೇಯ್ಗೆಯ ಸಂದುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ಒಣಗಿದಾಗ ಮತ್ತೆ ಉಸಿರಾಡುತ್ತವೆ. ಆದ್ದರಿಂದ ಒಳಗೆ ಕುಳಿತವರ ಉಸಿರಿನ ಆವಿ ಗಾಜಿನ ಮೇಲೆ ಕಟ್ಟುವುದು ಕಡಿಮೆ. ಅದರ ದೋಷ, ಒದ್ದೆಯಾಗಿ ಮಡಚಿಟ್ಟರೆ ಕೆಲವೇ ದಿನಗಳಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಹುಡ್ಡಿಗೆ ಚದರ ಗಜಕ್ಕೆ 12ರಿಂದ 15 ಔನ್ಸ್ ತೂಕದ, ಎಂದರೆ ಸುಮಾರು 400ರಿಂದ 500 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ಬಟ್ಟೆ ಸಾಕು. ಅದಕ್ಕಿಂತ ದಪ್ಪದ್ದು ಗಟ್ಟಿಮುಟ್ಟು ಎಂದು ಕೊಂಡರೆ, ನಾಲ್ಕು ಪದರ ಸೇರುವ ಮೂಲೆಗಳಲ್ಲಿ ಹೊಲಿಗೆ ಯಂತ್ರದ ಸೂಜಿ ಮುರಿಯುತ್ತದೆ, ಕಮಾನಿನ ತಿರುವಿನಲ್ಲಿ ಬಟ್ಟೆ ಕೂರುವುದೂ ಇಲ್ಲ.

ಪಿವಿಸಿ ಲೇಪನದ ಪಾಲಿಯೆಸ್ಟರ್, ಅಥವಾ ಕುಶನ್ ಅಂಗಡಿಯವರು ಮೊದಲಿಗೆ ತೋರಿಸುವ ರೆಕ್ಸಿನ್, ಒಂದು ಹನಿಯನ್ನೂ ಒಳಬಿಡುವುದಿಲ್ಲ ನಿಜ. ಆದರೆ ಒಳಗಿನ ಆವಿಯನ್ನೂ ಹೊರಬಿಡುವುದಿಲ್ಲ. ಚಾರ್ಮಾಡಿಯ ಮಂಜಿನಲ್ಲಿ ಒಳಗಾಜನ್ನು ಒರೆಸುತ್ತಲೇ ಓಡಿಸಬೇಕಾಗುತ್ತದೆ. ದಿನವೂ ತೋಟದ ಕೆಲಸಕ್ಕೆ ಓಡುವ, ರಾತ್ರಿ ಮರದಡಿ ನಿಲ್ಲುವ ಜೀಪಿಗೆ ನಾನು ಲೇಪನದ ಬಟ್ಟೆಯನ್ನೇ ಹೇಳುತ್ತೇನೆ. ಶೆಡ್ಡಿನಲ್ಲಿ ನಿಂತು ಭಾನುವಾರ ಹೊರಡುವ ವಿಲ್ಲೀಸಿಗೆ ಹತ್ತಿಯ ಹೊರತು ಬೇರೆ ಬಟ್ಟೆ ಹಾಕುವುದು ಅನ್ಯಾಯ. ಹೊಳೆಯುವ ರೆಕ್ಸಿನ್ನಿನ ಹುಡ್ ಹೊದ್ದ ಯುದ್ಧಕಾಲದ ಜೀಪನ್ನು ನೋಡಿದಾಗಲೆಲ್ಲ ಅಯ್ಯೋ ಎನಿಸುತ್ತದೆ.

ದಾರದ ಆಯ್ಕೆಯಲ್ಲಿ ಅನೇಕರು ಎಡವುತ್ತಾರೆ. ಬರೀ ಹತ್ತಿಯ ದಾರ ಬೂಷ್ಟಿಗೆ ಕೊಳೆಯುತ್ತದೆ, ನೈಲಾನ್ ದಾರ ಬಿಸಿಲಿಗೆ ಬೇಗ ಸೋಲುತ್ತದೆ. ಪಾಲಿಯೆಸ್ಟರ್ ದಾರ ಎರಡಕ್ಕೂ ತಡೆಯುತ್ತದೆ. ಒಳಗೆ ಪಾಲಿಯೆಸ್ಟರ್, ಹೊರಗೆ ಹತ್ತಿ ಸುತ್ತಿದ ದಾರ ಸಿಕ್ಕರೆ ಇನ್ನೂ ಉತ್ತಮ, ಏಕೆಂದರೆ ಹೊರಗಿನ ಹತ್ತಿ ನೆನೆದು ಉಬ್ಬಿ ಸೂಜಿತೂತನ್ನು ಮುಚ್ಚುತ್ತದೆ. ಐಲೆಟ್ (ಬಟ್ಟೆಯ ತೂತಿಗೆ ಹಾಕುವ ಲೋಹದ ಬಳೆ), ಗುಂಡಿ ಮತ್ತು ಬಕಲ್‌ಗಳು ಹಿತ್ತಾಳೆಯವು ಇರಲಿ. ಕಬ್ಬಿಣದವು ಒಂದು ಮಳೆಗಾಲದಲ್ಲೇ ತುಕ್ಕು ಬಿಟ್ಟು ಸುತ್ತಲಿನ ಬಟ್ಟೆಯನ್ನು ಕಂದು ಬಣ್ಣಕ್ಕೆ ತಿರುಗಿಸಿ ಕೊಳೆಸುತ್ತವೆ.

ಕುಗ್ಗುವಿಕೆಯನ್ನು ಮೊದಲೇ ತಿಳಿಯುವುದು

ಹತ್ತಿಯ ಕ್ಯಾನ್‌ವಾಸ್ ಕೊಂಡ ಕೂಡಲೇ ಅದರಿಂದ ಸರಿಯಾಗಿ 50 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲದ ಚೌಕವೊಂದನ್ನು ಕತ್ತರಿಸಿ, ಹಾಸು (ಉದ್ದದ ನೂಲು) ಯಾವ ಕಡೆ, ಹೊಕ್ಕು (ಅಡ್ಡ ನೂಲು) ಯಾವ ಕಡೆ ಎಂದು ಗುರುತು ಹಾಕಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ ನೆರಳಿನಲ್ಲಿ ಒಣಗಿಸಿ. ಒಣಗಿದ ಮೇಲೆ ಅಳೆದಾಗ ಹಾಸಿನ ಕಡೆ 48.5 ಬಂದರೆ ಕುಗ್ಗುವಿಕೆ ಶೇಕಡ 3. ಎರಡು ಮೀಟರ್ ಉದ್ದದ ಹುಡ್ಡಿನಲ್ಲಿ ಅದು 6 ಸೆಂಟಿಮೀಟರ್ ಆಗುತ್ತದೆ. ಮೊದಲ ಮಳೆಯ ನಂತರ ಬಟ್ಟೆಯ ಮೇಲಿನ ಬಿಲ್ಲೆಗಳು ವಿಂಡ್‌ಶೀಲ್ಡ್ ಫ್ರೇಮಿನ ಗುಂಡಿಗಳಿಗೆ ಎಟುಕದೆ ಹೋಗುವ ರಹಸ್ಯ ಇಷ್ಟೇ. ಕುಗ್ಗುವಿಕೆ ಹೆಚ್ಚಿದ್ದರೆ ಇಡೀ ಬಟ್ಟೆಯನ್ನು ಕತ್ತರಿಸುವ ಮೊದಲೇ ನೆನೆಸಿ ಒಣಗಿಸಿಕೊಳ್ಳಬೇಕು. ನೀರುತಡೆಯ ಸಂಸ್ಕರಣೆ ಆಗಿಬಂದ ಬಟ್ಟೆಯಾದರೆ ನೆನೆಸದೆ, ಲೆಕ್ಕ ಹಾಕಿ ಆ ಅಳತೆಯನ್ನು ಸೇರಿಸಿ ಕತ್ತರಿಸಿದರೆ ಸಾಕು.

ಅಳತೆ ತೆಗೆಯಲು ಹಳೆಯ ಬೆಡ್‌ಶೀಟ್ ಅಥವಾ ಅಗ್ಗದ ಕೋರಾ ಬಟ್ಟೆಯನ್ನು ಕಮಾನುಗಳ ಮೇಲೆ ಹಾಸಿ, ಕ್ಲಿಪ್ಪುಗಳಿಂದ ಹಿಡಿಸಿ, ವಾಹನದ ಮೇಲೆಯೇ ಗೆರೆ ಎಳೆದು ಮಾದರಿ ತೆಗೆಯುವುದು ಟೇಪಿನ ಲೆಕ್ಕಕ್ಕಿಂತ ನಂಬಿಕೆಗೆ ಅರ್ಹ. ಎಡಬದಿಯ ಮಾದರಿಯನ್ನು ಮಗುಚಿ ಬಲಬದಿಗೆ ಬಳಸುವ ಆಸೆ ಬೇಡ. ಹಳೆಯ ಬಾಡಿಗಳು ಎರಡೂ ಕಡೆ ಒಂದೇ ಸಮ ಇರುವುದು ಅಪರೂಪ. ಹಾಸಿನ ನೂಲು ಮುಂದಿನಿಂದ ಹಿಂದಕ್ಕೆ ಹೋಗುವಂತೆ ಬಟ್ಟೆಯನ್ನು ಇಡಬೇಕು. ಅಗಲ ಸಾಲದೆ ಜೋಡಿಸಬೇಕಾದಾಗ ಚಾವಣಿಯ ನಟ್ಟನಡುವೆ ಒಂದು ಹೊಲಿಗೆ ಬರುವಂತೆ ಮಾಡದೆ, ಎರಡೂ ಬದಿಗಳಲ್ಲಿ ಒಂದೊಂದು ಬರುವಂತೆ ಮೂರು ತುಂಡು ಮಾಡಿ. ಹೊಲಿಗೆ ಒಂದರೊಳಗೊಂದು ಮಡಚಿ ಎರಡು ಸಾಲು ಹೊಡೆದದ್ದಾಗಿರಬೇಕು. ಪದರಗಳ ಬಾಯಿ ಹೆಂಚಿನ ಮನೆಯ ಹೆಂಚುಗಳ ಕ್ರಮದಲ್ಲಿ ಬರಬೇಕು: ಮೇಲಿನ ತುಂಡು ಕೆಳಗಿನದರ ಮೇಲೆ, ಮುಂದಿನ ತುಂಡು ಹಿಂದಿನದರ ಮೇಲೆ. ಉಲ್ಟಾ ಹೊಲಿದರೆ ಗಾಳಿಯೇ ನೀರನ್ನು ಮಡಿಕೆಯೊಳಗೆ ತುಂಬಿಸುತ್ತದೆ. ಇಂಚಿಗೆ ಆರರಿಂದ ಎಂಟು ಹೊಲಿಗೆ ಸಾಕು; ಅದಕ್ಕಿಂತ ಒತ್ತಾಗಿ ಹೊಡೆದರೆ ಬಟ್ಟೆ ಆ ಗೆರೆಯಲ್ಲೇ ಹರಿಯಲು ಸಿದ್ಧವಾಗುತ್ತದೆ.

ಮನೆಯ ಹೊಲಿಗೆ ಯಂತ್ರಕ್ಕೆ ಈ ಕೆಲಸ ಕೊಡಬಾರದು. ಪಟ್ಟಣದಲ್ಲಿ ಲಾರಿ ಟಾರ್ಪಾಲು ಹೊಲಿಯುವವರ ಬಳಿ ಭಾರದ ಯಂತ್ರ ಇರುತ್ತದೆ, ಕೈಯಲ್ಲಿ ಅನುಭವವೂ ಇರುತ್ತದೆ. ನೀವು ಮಾದರಿ ಕೊಟ್ಟು, ಪದರದ ದಿಕ್ಕು ಹೇಳಿ, ಕಮಾನು ತಾಗುವ ಗೆರೆಗಳಿಗೂ ಮೂಲೆಗಳಿಗೂ ಒತ್ತುಬಟ್ಟೆ ಹಾಕಿಸಿದರೆ ಸಾಕು. ಅಂಚುಗಳನ್ನು ಮಾತ್ರ ಅಂತಿಮವಾಗಿ ಹೊಲಿಸದೆ, ಸುತ್ತಲೂ ಒಂದು ಅಂಗೈ ಅಗಲ ಹೆಚ್ಚುವರಿ ಬಟ್ಟೆ ಬಿಡಿಸಿ ತನ್ನಿ.

ಕೂರಿಸುವುದು

ಬಿಸಿಲೇರಿದ ಮೇಲೆ, ಹತ್ತು ಗಂಟೆಯ ನಂತರ ಕೆಲಸ ಆರಂಭಿಸಿ. ಬಟ್ಟೆಯ ನಡುಗೆರೆಯನ್ನು ವಿಂಡ್‌ಶೀಲ್ಡಿನ ನಡುಗುರುತಿಗೂ ಹಿಂದಿನ ಕಮಾನಿನ ನಡುಗುರುತಿಗೂ ಹೊಂದಿಸಿ ಕ್ಲಿಪ್ ಹಾಕಿ. ಮೊದಲು ಮುಂಭಾಗ. ಕೆಲವು ವಾಹನಗಳಲ್ಲಿ ಫ್ರೇಮಿನ ಮೇಲೆ ಉದ್ದಕ್ಕೂ ಒಂದು ಲೋಹದ ಕಾಲುವೆ ಇರುತ್ತದೆ. ಬಟ್ಟೆಯ ಅಂಚಿನೊಳಗೆ ಹಗ್ಗ ಇಟ್ಟು ಹೊಲಿದು, ಆ ಉಬ್ಬನ್ನು ಪಕ್ಕದಿಂದ ಕಾಲುವೆಯೊಳಗೆ ಎಳೆಯಬೇಕು. ಕಾಲುವೆಗೆ ಮೇಣದಬತ್ತಿ ಉಜ್ಜಿದರೆ ಸಲೀಸಾಗಿ ಸರಿಯುತ್ತದೆ, ಗ್ರೀಸ್ ಹಚ್ಚಿದರೆ ಬಟ್ಟೆಗೆ ಕಲೆಯಾಗುತ್ತದೆ. ವಿಲ್ಲೀಸಿನಲ್ಲಿ ಫ್ರೇಮಿನ ಮೇಲೆ ಸಣ್ಣ ಗೂಟದಂಥ ಗುಂಡಿಗಳಿದ್ದು, ಬಟ್ಟೆಯ ಮೇಲಿನ ಹಿತ್ತಾಳೆ ಬಿಲ್ಲೆ ಅವುಗಳ ಮೇಲೆ ಕೂತು ಹಿಡಿಯುತ್ತದೆ. ಈ ಬಗೆಯ ಬಿಲ್ಲೆ ಚುಕ್ಕೆಯ ಗುರುತಿರುವ ಒಂದು ಬದಿಯಿಂದ ಎತ್ತಿದಾಗ ಮಾತ್ರ ಬಿಡುತ್ತದೆ. ಎಳೆತ ಹಿಂದಕ್ಕೆ ಇರುವುದರಿಂದ ಚುಕ್ಕೆ ಮುಂದಿನ ಅಂಚಿನ ಕಡೆಗೆ ಬರುವಂತೆ ಕೂರಿಸಬೇಕು. ತಿರುಗಮುರುಗ ಆದರೆ ಗಾಳಿಗೆ ತಾನಾಗಿಯೇ ಕಳಚಿಕೊಳ್ಳುತ್ತದೆ.

ಬಿಲ್ಲೆಯ ತೂತಿನ ಜಾಗವನ್ನು ಟೇಪಿನಿಂದ ಅಳೆಯುವ ಗೋಜು ಬೇಡ. ಫ್ರೇಮಿನ ಗುಂಡಿಯ ತಲೆಗೆ ಸೀಮೆಸುಣ್ಣ ಅಥವಾ ಕುಂಕುಮವನ್ನು ನೀರಿನಲ್ಲಿ ಕಲಸಿ ಒಂದು ಚುಕ್ಕೆ ಹಚ್ಚಿ, ಬಟ್ಟೆಯನ್ನು ಬೇಕಾದಷ್ಟು ಎಳೆದು ಮೇಲಿನಿಂದ ಹೆಬ್ಬೆರಳಿನಿಂದ ಒತ್ತಿದರೆ ಒಳಬದಿಯಲ್ಲಿ ಗುರುತು ಮೂಡುತ್ತದೆ. ಮೊದಲು ನಡುವಿನದು, ಆಮೇಲೆ ಅದರ ಎಡ, ಅದರ ಬಲ, ಹೀಗೆ ಒಂದೊಂದಾಗಿ ಹೊರಕ್ಕೆ ಸಾಗಬೇಕು. ಒಂದು ತುದಿಯಿಂದ ಹೊರಟು ಇನ್ನೊಂದು ತುದಿಗೆ ಹೋದರೆ ಸುಕ್ಕುಗಳೆಲ್ಲ ಕೊನೆಯ ಮೂಲೆಯಲ್ಲಿ ಗುಡ್ಡೆಯಾಗುತ್ತವೆ. ತೂತು ಬಿಲ್ಲೆಯ ಕಾಲಿಗಿಂತ ತುಸು ಚಿಕ್ಕದೇ ಇರಲಿ, ಮತ್ತು ಅಲ್ಲಿ ಬಟ್ಟೆ ಕನಿಷ್ಠ ಎರಡು ಪದರ ಇರಲಿ. ಮುಂದಿನ ಅಂಚು ಫ್ರೇಮನ್ನು ದಾಟಿ ಗಾಜಿನ ಕಡೆಗೆ ಮೂರು ನಾಲ್ಕು ಸೆಂಟಿಮೀಟರ್ ಇಳಿಬಿದ್ದಿರಬೇಕು. ಈ ಇಳಿಬಟ್ಟೆ ಇಲ್ಲದ ಹುಡ್ಡಿನಲ್ಲಿ ಎದುರುಗಾಳಿ ನೀರನ್ನು ಸಂದಿಗೆ ನುಗ್ಗಿಸುತ್ತದೆ, ಮತ್ತು ಮೊಣಕಾಲಿಗೆ ತೊಟ್ಟಿಕ್ಕುವ ನೀರು ಬಹುಪಾಲು ಅಲ್ಲಿಂದಲೇ ಬರುತ್ತದೆ.

ಮುಂಭಾಗ ಹಿಡಿದ ಮೇಲೆ ಹಿಂದಕ್ಕೆ ಬಂದು ಬಟ್ಟೆಯನ್ನು ಎಳೆಯಿರಿ. ಇದಕ್ಕೆ ಇಬ್ಬರು ಬೇಕು: ಒಬ್ಬರು ಎಳೆಯಲು, ಇನ್ನೊಬ್ಬರು ಅಂಗೈಯಿಂದ ಬಟ್ಟೆಯನ್ನು ಮುಂದಿನಿಂದ ಹಿಂದಕ್ಕೆ ಸವರಿ ಸುಕ್ಕು ತೆಗೆಯಲು. ಬಾಡಿಯ ಅಂಚಿನಲ್ಲಿರುವ ಕಬ್ಬಿಣದ ಕುಣಿಕೆಗಳಲ್ಲಿ ಹಿಂಬದಿಯ ಪಟ್ಟಿಗಳನ್ನು ತೂರಿಸಿ, ಎದುರುಬದುರಾಗಿ ಎರಡೆರಡನ್ನು ಒಟ್ಟಿಗೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಎಳೆತ ಎಷ್ಟಿರಬೇಕೆಂದರೆ, ಎರಡು ಕಮಾನುಗಳ ನಡುವೆ ಅಂಗೈಯಿಂದ ಒತ್ತಿದಾಗ ಬಟ್ಟೆ ಒಂದು ಇಂಚಿನಷ್ಟು ತಗ್ಗಿ, ಕೈ ತೆಗೆದ ಕೂಡಲೇ ಮೇಲೇಳಬೇಕು. ಹತ್ತಿಯ ಬಟ್ಟೆಯನ್ನು ಒಣಗಿದ್ದಾಗಲೇ ತಮಟೆಯ ಚರ್ಮದ ಮಟ್ಟಿಗೆ ಬಿಗಿದುಬಿಟ್ಟರೆ, ನೆನೆದು ಕುಗ್ಗಿದಾಗ ಹೊಲಿಗೆ ಕಿತ್ತುಬರುತ್ತದೆ ಅಥವಾ ವಿಂಡ್‌ಶೀಲ್ಡ್ ಫ್ರೇಮೇ ಬಾಗುತ್ತದೆ. ಬದಿಗಳನ್ನು ಕೊನೆಯಲ್ಲಿ ಇಳಿಸಿ, ಒಂದು ದಿನ ಹಾಗೆಯೇ ಬಿಟ್ಟು, ಬಟ್ಟೆ ತನ್ನ ಜಾಗಕ್ಕೆ ಕೂತ ಮೇಲೆ ಅಂಚಿನ ಗೆರೆ ಎಳೆದು, ಹೆಚ್ಚುವರಿ ಬಟ್ಟೆಯನ್ನು ಮಡಚಿ ಹೊಲಿಸಬೇಕು. ಕಳಚಿ ಯಂತ್ರಕ್ಕೆ ಒಯ್ಯಲಾಗದ ಮೂಲೆಗಳಿದ್ದರೆ ದಬ್ಬಣ ಮತ್ತು ಜೇನುಮೇಣ ಎಳೆದ ದಾರದಿಂದ ಕೈಹೊಲಿಗೆ ಹಾಕಿದರೂ ನಡೆಯುತ್ತದೆ. ಬದಿಯ ಪರದೆಗಳನ್ನು ಇದೇ ಕ್ರಮದಲ್ಲಿ, ಹುಡ್ ಕೂತ ಮೇಲೆಯೇ ಅಳೆದು ಹೊಲಿಸಬೇಕು.

ನೀರಿನ ಪರೀಕ್ಷೆ

ಹೊಸ ಹತ್ತಿಯ ಹುಡ್ ಮೊದಲ ಮಳೆಗೆ ಹೊಲಿಗೆಗುಂಟ ಅಲ್ಲಲ್ಲಿ ಜಿನುಗುವುದು ಸಹಜ. ಅದನ್ನು ಕಂಡು ಗಾಬರಿಯಾಗಿ ಸಿಲಿಕಾನ್ ಬಳಿಯಬಾರದು. ಪೈಪಿನಿಂದ ಮೃದುವಾಗಿ ನೀರು ಬಿಟ್ಟು ಪೂರ್ತಿ ನೆನೆಸಿ, ವಾಹನದ ಮೇಲೆಯೇ ಒಣಗಲು ಬಿಡಿ. ಎರಡು ಮೂರು ಸಲ ಹೀಗೆ ಮಾಡಿದರೆ ನೂಲು ಉಬ್ಬಿ ತೂತುಗಳು ಮುಚ್ಚಿಕೊಳ್ಳುತ್ತವೆ. ಅದಾದ ಮೇಲೂ ಜಿನುಗುವ ಜಾಗವಿದ್ದರೆ, ಒಳಗೆ ಒಬ್ಬರು ಟಾರ್ಚ್ ಹಿಡಿದು ಕುಳಿತು, ಹೊರಗೆ ಇನ್ನೊಬ್ಬರು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಹೊಲಿಗೆಗೆ ನೀರು ಬಿಡುತ್ತಾ ಹುಡುಕಬೇಕು. ಮೇಲಿನಿಂದ ಬಿಟ್ಟರೆ ನೀರು ಬಟ್ಟೆಯ ಒಳಬದಿಯಲ್ಲಿ ಹರಿದು ಬೇರೆಲ್ಲೋ ತೊಟ್ಟಿಕ್ಕಿ ದಾರಿ ತಪ್ಪಿಸುತ್ತದೆ. ಸಿಕ್ಕ ಜಾಗಕ್ಕೆ ಒಣಗಿದ ಮೇಲೆ ಜೇನುಮೇಣವನ್ನು ಉಜ್ಜಿ, ಬೆಚ್ಚಗಿನ ಚಮಚದ ಬೆನ್ನಿನಿಂದ ತೀಡಿ ಇಳಿಸಿದರೆ ಸಾಮಾನ್ಯವಾಗಿ ಅಷ್ಟಕ್ಕೆ ನಿಲ್ಲುತ್ತದೆ. ಇಡೀ ಹುಡ್ಡಿಗೆ ಮೇಣ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ಬಯಲುಸೀಮೆಯ ಬಿಸಿಲಿನಲ್ಲಿ ಅಂಟಂಟಾಗಿ ಧೂಳು ಹಿಡಿಯುತ್ತದೆ, ಬೆಂಕಿಗೂ ಬೇಗ ತುತ್ತಾಗುತ್ತದೆ.

ಹೊಸ ಹುಡ್ಡಿನೊಂದಿಗೆ ಓಡಿಸುವಾಗ ಒಂದು ಎಚ್ಚರಿಕೆ ಜೀವಕ್ಕೆ ಸಂಬಂಧಿಸಿದ್ದು. ಬದಿಯ ಪರದೆಗಳನ್ನು ಮುಚ್ಚಿ ಹಿಂಬದಿಯ ಪರದೆಯನ್ನು ಮಾತ್ರ ಎತ್ತಿಕಟ್ಟಿ ಓಡಿಸಿದರೆ, ವಾಹನದ ಹಿಂದೆ ಸುಳಿಯುವ ಗಾಳಿ ಸೈಲೆನ್ಸರಿನ ಹೊಗೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಹಿಂದೆ ತೆರೆದರೆ ಬದಿಯ ಪರದೆಗಳನ್ನೂ ತೆರೆಯಬೇಕು, ಇಲ್ಲವೇ ಎರಡನ್ನೂ ಮುಚ್ಚಬೇಕು.

ಮಳೆಗಾಲದಲ್ಲಿ ಒದ್ದೆ ಹುಡ್ಡನ್ನು ಮಡಚಿಡುವಂತಿಲ್ಲ. ಬಿಸಿಲು ಕಾಣದ ದಿನಗಳಲ್ಲಿ ವಾಹನವನ್ನು ಶೆಡ್ಡಿನೊಳಗೆ ನಿಲ್ಲಿಸಿ, ಬದಿಯ ಪರದೆಗಳನ್ನು ಎತ್ತಿಕಟ್ಟಿ ಗಾಳಿಯಾಡಲು ಬಿಡಿ. ಸಿಲ್ವರ್ ಓಕಿನ ಎಲೆ, ಹಕ್ಕಿಯ ಹಿಕ್ಕೆ ಬಿದ್ದರೆ ಒಣಗುವ ಮೊದಲೇ ಬರಿ ನೀರು ಮತ್ತು ಮೃದುವಾದ ಬ್ರಷ್ಷಿನಿಂದ ತೆಗೆಯಬೇಕು. ಬಟ್ಟೆಸೋಪಿನ ಪುಡಿ ನೀರುತಡೆಯ ಸಂಸ್ಕರಣೆಯನ್ನೇ ತೊಳೆದುಹಾಕುತ್ತದೆ. ಮೊದಲ ವರ್ಷದ ಮಳೆ ಮುಗಿದ ಮೇಲೆ ಪಟ್ಟಿಗಳು ಸಡಿಲವಾಗಿರುತ್ತವೆ. ಅಕ್ಟೋಬರಿನಲ್ಲಿ ಒಂದೊಂದು ತೂತು ಮುಂದಕ್ಕೆ ಬಿಗಿದು, ಕುಣಿಕೆಗಳ ಸ್ಕ್ರೂಗಳನ್ನು ತಿರುಗಿಸಿ ನೋಡಿ. ಕತ್ತರಿಸಿ ಉಳಿದ ಬಟ್ಟೆಯ ತುಂಡನ್ನು ಶೆಡ್ಡಿನ ಒಳಗೆ ಬಚ್ಚಿಡದೆ ಹುಡ್ಡಿನಷ್ಟೇ ಬಿಸಿಲು ಬೀಳುವ ಜಾಗದಲ್ಲಿ ತೂಗುಹಾಕಿದ್ದರೆ, ಮುಂದೆ ತೇಪೆ ಹಾಕಬೇಕಾದಾಗ ಬಣ್ಣ ಹೊಂದುತ್ತದೆ.